ಈ ಗೆರೆ ಯಾರದು?

ನಮಸ್ಕಾರ. ಹೋದ ವರ್ಷ ಹಲಸಿನ ಕಾಲದಲ್ಲಿ ನಾನೂ ನನ್ನ ತಂಗಿಯೂ ಎರಡು ದಿನ ಮಾತು ಬಿಟ್ಟಿದ್ದೆವು. ಆಸ್ತಿಗಲ್ಲ, ಒಡವೆಗಲ್ಲ. ಕಾಗದದ ಮೇಲಿನ ಒಂದು ಅಜ್ಜಿಯ ಮುಖಕ್ಕೆ.

ಆ ಜಗಳದ ಕತೆ ಆಮೇಲೆ. ಮೊದಲು ಇನ್ನೊಂದು ಜೋಡಿಯ ವಿಷಯ ಹೇಳುತ್ತೇನೆ. ನಮ್ಮನ್ನು ಜಗಳಕ್ಕೆ ಹಚ್ಚಿದವರೂ ಅವರೇ, ಬಿಡಿಸಿದವರೂ ಅವರೇ.

ಲಿಯೋ ಡಿಲನ್, ಡಯಾನ್ ಡಿಲನ್. ಅಮೆರಿಕದ ಚಿತ್ರಕಾರ ದಂಪತಿ. ಇಬ್ಬರೂ ಹುಟ್ಟಿದ್ದು 1933ರ ಮಾರ್ಚ್‌ನಲ್ಲೇ, ಹನ್ನೊಂದು ದಿನದ ಅಂತರದಲ್ಲಿ. ಅವನು ಬ್ರೂಕ್ಲಿನ್‌ನ ಕಪ್ಪು ಹುಡುಗ, ಅಪ್ಪ ಅಮ್ಮ ಟ್ರಿನಿಡಾಡ್‌ನಿಂದ ಬಂದವರು. ಅವಳು ಕ್ಯಾಲಿಫೋರ್ನಿಯಾದ ಬಿಳಿ ಹುಡುಗಿ. 1953ರಲ್ಲಿ ನ್ಯೂಯಾರ್ಕ್‌ನ ಪಾರ್ಸನ್ಸ್ ಕಲಾಶಾಲೆಯಲ್ಲಿ ಒಬ್ಬರಿಗೊಬ್ಬರು ಸಿಕ್ಕರು. ಸಿಕ್ಕಿದ್ದು ಹೇಗೆ ಗೊತ್ತಾ? ಗೋಡೆಗೆ ಹಾಕಿದ್ದ ಒಂದು ಕುರ್ಚಿಯ ಚಿತ್ರ ನೋಡಿ ಲಿಯೋಗೆ ಹೊಟ್ಟೆ ಉರಿಯಿತು. ಇದನ್ನು ಬಿಡಿಸಿದವರು ನನಗಿಂತ ಮೇಲು ಅನ್ನಿಸಿತು. ಅದು ಡಯಾನ್ ಬಿಡಿಸಿದ್ದು.

ಮುಂದೆ ಪ್ರೀತಿ, 1957ರಲ್ಲಿ ಮದುವೆ. ಕಪ್ಪು-ಬಿಳಿ ಮದುವೆ ಆಗ ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಅಪರಾಧ. ಅಲ್ಲಿನ ಸುಪ್ರೀಂ ಕೋರ್ಟ್ ಆ ಕಾನೂನುಗಳನ್ನು ತೆಗೆದುಹಾಕಿದ್ದು 1967ರಲ್ಲಿ. ಹೊರಗೆ ಅಂಥ ಲೋಕ. ಒಳಗೆ ನೋಡಿದರೆ ಒಂದೇ ಮನೆಯಲ್ಲಿ ಇಬ್ಬರು ಪೈಪೋಟಿಗಾರರು. ಒಬ್ಬರ ಕೆಲಸ ಚೆನ್ನಾಗಿ ಬಂದರೆ ಇನ್ನೊಬ್ಬರಿಗೆ ಕಸಿವಿಸಿ. ಹೀಗೇ ಬಿಟ್ಟರೆ ಸಂಸಾರ ಉಳಿಯುವುದಿಲ್ಲ ಅಂತ ಕೊನೆಗೆ ಇಬ್ಬರೂ ಸೇರಿ ಒಂದೇ ಚಿತ್ರ ಮಾಡತೊಡಗಿದರು. ಕಾಗದ ಇವನ ಮೇಜಿನಿಂದ ಅವಳ ಮೇಜಿಗೆ, ಅಲ್ಲಿಂದ ವಾಪಸ್ ಇಲ್ಲಿಗೆ. ಮುಗಿಯುವ ಹೊತ್ತಿಗೆ ಯಾವ ಗೆರೆ ಯಾರದು ಅಂತ ಅವರಿಗೇ ಗೊತ್ತಾಗುತ್ತಿರಲಿಲ್ಲ. ಈ ಚಿತ್ರ ನನ್ನದೂ ಅಲ್ಲ ನಿನ್ನದೂ ಅಲ್ಲ, ಮೂರನೇ ಕಲಾವಿದರದು ಅನ್ನುತ್ತಿದ್ದರು.

ಈ ‘ಮೂರನೇ ಕಲಾವಿದ’ ಅನ್ನುವುದನ್ನು ಜನ ಭಾಳ ಸಿಹಿಯಾಗಿ ಹೇಳುತ್ತಾರೆ. ಎರಡು ಜೀವ ಒಂದಾಯಿತು, ಹಾಗೆ ಹೀಗೆ. ನನಗೆ ಹಾಗೆ ಕಾಣುವುದಿಲ್ಲ. ಅದು ಒಂದು ರಾಜಿ ಪಂಚಾಯಿತಿ. ಹೊಟ್ಟೆಕಿಚ್ಚು ಇರುವ ಇಬ್ಬರು ಅದನ್ನು ಮುಚ್ಚಿಡದೆ ಕೆಲಸಕ್ಕೆ ಹಚ್ಚಿದ ರೀತಿ. ನನಗೆ ಅವರು ಇಷ್ಟವಾಗುವುದೇ ಅದಕ್ಕೆ.

ನಾನು ಮೊದಲು ನೋಡಿದ ಅವರ ಪುಸ್ತಕ ‘ವೈ ಮಸ್ಕಿಟೋಸ್ ಬಜ್ ಇನ್ ಪೀಪಲ್ಸ್ ಇಯರ್ಸ್’. ಪಶ್ಚಿಮ ಆಫ್ರಿಕಾದ ಜನಪದ ಕತೆ, ಬರೆದವರು ವರ್ನಾ ಆರ್ಡೆಮಾ, ಬಂದದ್ದು 1975ರಲ್ಲಿ. ಸೊಳ್ಳೆ ಒಂದು ಸುಳ್ಳು ಹೇಳುತ್ತದೆ. ಅದನ್ನು ಕೇಳಲಾರದೆ ಇಗುವಾನ ಅನ್ನುವ ದೊಡ್ಡ ಹಲ್ಲಿ ಕಿವಿಗೆ ಕಡ್ಡಿ ಸಿಕ್ಕಿಸಿಕೊಳ್ಳುತ್ತದೆ. ಒಂದರಿಂದ ಒಂದು ಎಡವಟ್ಟಾಗಿ ಕೊನೆಗೆ ಗೂಬೆಯ ಮರಿ ಸಾಯುತ್ತದೆ, ಗೂಬೆ ಸೂರ್ಯನನ್ನು ಕರೆಯುವುದನ್ನೇ ನಿಲ್ಲಿಸುತ್ತದೆ. ರಾತ್ರಿಯ ಪುಟಗಳ ಹಿನ್ನೆಲೆ ಕಡುಕಪ್ಪು, ಹಗಲಿನದು ಬಿಳಿ. ಹೆಬ್ಬಾವು, ಮಂಗ, ಸಿಂಹ ಎಲ್ಲವನ್ನೂ ತುಂಡು ತುಂಡು ಕತ್ತರಿಸಿ ಜೋಡಿಸಿದ ಹಾಗಿದೆ, ನಡುವೆ ಬಿಳಿ ಸಂದು. ಅಂಟಿಸಿದ್ದು ಅಂದುಕೊಂಡಿದ್ದೆ. ಅಲ್ಲ. ಕಾಗದದ ಆಕಾರಗಳನ್ನು ಕತ್ತರಿಸಿ, ಮರೆ ಇಟ್ಟು, ಮೇಲೆ ಏರ್‌ಬ್ರಷ್‌ನಿಂದ ಜಲವರ್ಣ ಸಿಂಪಡಿಸಿದ್ದಾರೆ. ಆಮೇಲೆ ಪೇಸ್ಟಲ್ ಪುಡಿಯನ್ನು ಕೈಯಲ್ಲೇ ತಿಕ್ಕಿದ್ದಾರೆ.

ಆ ಪುಸ್ತಕದಲ್ಲಿ ಒಂದು ಪುಟ್ಟ ಕೆಂಪು ಹಕ್ಕಿ ಇದೆ. ಕತೆಯಲ್ಲಿ ಅದರ ಹೆಸರೇ ಇಲ್ಲ. ಡಿಲನ್‌ಗಳೇ ಸುಮ್ನೆ ತಂದು ಕೂರಿಸಿದ್ದು. ಪುಟ ತಿರುಗಿಸಿದಂತೆ ಎಲ್ಲೋ ಮೂಲೆಯಲ್ಲಿ ಕೂತು ನಮ್ಮ ಹಾಗೇ ತಮಾಷೆ ನೋಡುತ್ತಿರುತ್ತದೆ. ಮೂರನೇ ಸಲ ಓದುವಾಗ ನನಗೆ ಕಂಡಿತು. ಕಂಡ ಮೇಲೆ ಮತ್ತೆ ಮೊದಲ ಪುಟಕ್ಕೆ ಹೋದೆ.

ಆ ಪುಸ್ತಕಕ್ಕೆ 1976ರಲ್ಲಿ ಕ್ಯಾಲ್ಡೆಕಾಟ್ ಪದಕ ಬಂತು. ಅಮೆರಿಕದಲ್ಲಿ ಮಕ್ಕಳ ಚಿತ್ರಪುಸ್ತಕಕ್ಕೆ ಕೊಡುವ ದೊಡ್ಡ ಗೌರವ ಅದು. ಅದನ್ನು ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಲಿಯೋ. ಮರುವರ್ಷ ‘ಅಶಾಂಟಿ ಟು ಜುಲು’ ಪುಸ್ತಕಕ್ಕೆ ಮತ್ತೆ ಅವರಿಗೇ. ಸತತ ಎರಡು ವರ್ಷ ಗೆದ್ದವರು ಅವರು ಮಾತ್ರ. ಆದರೆ ಎರಡೂ ಪುಸ್ತಕ ಅಕ್ಕಪಕ್ಕ ಇಟ್ಟು ನೋಡಿ, ಒಬ್ಬರದೇ ಕೆಲಸ ಅನ್ನುವುದಕ್ಕೆ ಆಗುವುದಿಲ್ಲ. ಒಂದರಲ್ಲಿ ಕತ್ತರಿಸಿದಂಥ ಆಕಾರ, ಇನ್ನೊಂದರಲ್ಲಿ ಚೌಕಟ್ಟು ಹಾಕಿದ ನಯವಾದ ಚಿತ್ರ. ಆ ಚೌಕಟ್ಟಿನ ಮೂಲೆಗಳಲ್ಲಿ ನೈಜೀರಿಯಾದ ಕಾನೋ ಊರಿನ ಗಂಟಿನ ವಿನ್ಯಾಸ.

ಇಲ್ಲಿ ನನ್ನದೊಂದು ತಕರಾರು. ಈಗ ಚಿತ್ರ ಕಲಿಯುವವರಿಗೆ ಎಲ್ಲರೂ ಹೇಳುವುದು ಒಂದೇ: ನಿನ್ನ ಸ್ಟೈಲ್ ಹುಡುಕಿಕೋ. ನೋಡಿದ ತಕ್ಷಣ ನಿನ್ನದು ಅಂತ ಗೊತ್ತಾಗಬೇಕು. ನಾನೂ ಅದರ ಹಿಂದೆ ನಾಲ್ಕು ವರ್ಷ ಓಡಿದೆ. ಎಲ್ಲ ಪಾತ್ರಗಳಿಗೂ ಒಂದೇ ಮೂಗು ಬಿಡಿಸಿದೆ. ಡಿಲನ್‌ಗಳು ಪ್ರತಿ ಕತೆಗೂ ಹೊಸದಾಗಿ ಕೈ ಕಲಿತರು. ಹಳೆಯ ಮೂಗನ್ನು ಬಿಡುವ ಧೈರ್ಯ ನನಗೆ ಬಂದದ್ದು ಅವರಿಂದ.

ಸರಿ, ಈಗ ಅಜ್ಜಿ.

ನಾನೂ ತಂಗಿಯೂ ಮಕ್ಕಳಿಗೆ ಚಿತ್ರಕತೆ ಮಾಡುತ್ತೇವೆ. ಮೊದಲು ಕೆಲಸ ಪಾಲು ಮಾಡಿಕೊಂಡಿದ್ದೆವು. ಜನ ನನ್ನವರು, ಮನೆ-ಮರ ಅವಳವು. ಬೇರೆ ಎಲ್ಲಿಂದಲೋ ಕಿತ್ತು ತಂದು ನಿಲ್ಲಿಸಿದ ಹಾಗೆ ಕಾಣುತ್ತಿದ್ದರು ಜನ. ಡಿಲನ್‌ಗಳ ವಿಷಯ ಓದಿದ ಮೇಲೆ ಒಂದು ನಿಯಮ ಮಾಡಿದೆವು: ಕಾಗದ ಕೈ ಬದಲಾಯಿಸಬೇಕು, ಕೊಟ್ಟ ಮೇಲೆ ಕೇಳಬಾರದು.

ಮೊದಲ ಚಿತ್ರ, ಅಜ್ಜಿ ಹಲಸಿನ ಹಣ್ಣು ಬಿಡಿಸುತ್ತಿರುವುದು. ಮೂರು ಸಂಜೆ ಕೂತು ಅಜ್ಜಿಯ ಮುಖ ಮಾಡಿದ್ದೆ. ಒಂದೊಂದು ಸುಕ್ಕೂ ನಮ್ಮಜ್ಜಿಯದೇ. ತಂಗಿ ತೆಗೆದುಕೊಂಡು ಹೋದಳು. ಬೆಳಿಗ್ಗೆ ನೋಡಿದರೆ ಮುಖವೇ ಇಲ್ಲ! ಮೇಲೆ ಬಣ್ಣ ಬಳಿದು ಅಜ್ಜಿಯನ್ನು ಆ ಕಡೆ ತಿರುಗಿಸಿದ್ದಾಳೆ. ಕಾಣುವುದು ತುರುಬು, ಒಂದು ಭುಜ, ಎಣ್ಣೆ ಹಚ್ಚಿದ ಎರಡು ಕೈ.

“ಎಲ್ಲರೂ ಮುಖಾನೇ ನೋಡ್ತಾರೆ ಅಕ್ಕಾ. ಹಣ್ಣು ಯಾರು ನೋಡ್ತಾರೆ?” ಅಂದಳು.

ಎರಡು ದಿನ ಮಾತಿಲ್ಲ. ಮೂರನೇ ದಿನ ಸಿಟ್ಟಲ್ಲೇ ಕಾಗದ ಎಳೆದುಕೊಂಡೆ. ಕೈಗಳು ಸಪ್ಪೆ ಇದ್ದವು. ಬೆರಳಿಂದ ತೊಳೆಯವರೆಗೆ ಮೇಣದ ಎಳೆ ಎಳೆದೆ. ತೆಳ್ಳಗೆ, ಜಗ್ಗಿದ ಹಾಗೆ. ಎಣ್ಣೆಯ ಹೊಳಪು ಇಟ್ಟೆ. ಆಗ ನೋಡಿ, ಅಜ್ಜಿ ಬಂದಳು. ಒಪ್ಪಿಕೊಳ್ಳುವುದಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ, ಆದರೆ ನಾವು ಮಾಡಿದ ಒಳ್ಳೆಯ ಚಿತ್ರ ಅದೇ.

ಇದರಲ್ಲಿ ಕಷ್ಟ ಇಲ್ಲ ಅಂತಲ್ಲ. ಒಬ್ಬರ ಸಂಬಳಕ್ಕೆ ಇಬ್ಬರ ದುಡಿಮೆ. ಸಮಯ ಜಾಸ್ತಿ. “ನಿಜವಾಗಿ ಬಿಡಿಸಿದ್ದು ಯಾರು? ಒಬ್ಬರ ಹೆಸರು ಹೇಳಿ ಮೇಡಂ, ಕವರ್ ಮೇಲೆ ಜಾಗ ಇಲ್ಲ” ಅಂದ ಪ್ರಕಾಶಕರೂ ಇದ್ದಾರೆ. ಮತ್ತೆ, ಗೆರೆ ಯಾರದು ಅಂತ ನಮಗೆ ಇನ್ನೂ ಗೊತ್ತಾಗುತ್ತದೆ. ಅವಳ ಗೆರೆ ಸ್ವಲ್ಪ ಎಡಕ್ಕೆ ವಾಲುತ್ತದೆ.

ಲಿಯೋ 2012ರಲ್ಲಿ ತೀರಿಕೊಂಡರು. 2018ರಲ್ಲಿ ಡಯಾನ್ ಒಬ್ಬರೇ ಬರೆದು ಚಿತ್ರ ಬಿಡಿಸಿದ ಪುಸ್ತಕ ಬಂತು. ಐವತ್ತು ವರ್ಷಕ್ಕಿಂತ ಜಾಸ್ತಿ ಕಾಗದ ದಾಟಿಸಿದ ಕೈ ಅದು. ಮುಗಿಯಿತು ಅನ್ನಿಸಿದಾಗ ಪಕ್ಕದ ಮೇಜಿನ ಕಡೆ ಎಷ್ಟು ಸಲ ತಿರುಗಿರಬಹುದು ಅಂತ ನಾನು ಯೋಚಿಸುತ್ತಿರುತ್ತೇನೆ.

ತಂಗಿಗೆ ಈಗ ಹುಬ್ಬಳ್ಳಿಯಲ್ಲಿ ಕೆಲಸ. ಕಾಗದ ಸ್ಪೀಡ್ ಪೋಸ್ಟ್‌ನಲ್ಲಿ ಹೋಗಿ ಬರುತ್ತದೆ. ಮೊನ್ನೆ ಬಂದ ಕವರ್ ಬಿಚ್ಚಿದರೆ, ನಾನು ಎಳೆ ಎಳೆಯಾಗಿ ಬಿಡಿಸಿದ್ದ ಬಾವಿಯ ಹಗ್ಗವನ್ನು ಪೂರಾ ಅಳಿಸಿದ್ದಾಳೆ. ಬರೀ ರಾಟೆ ಬಿಟ್ಟಿದ್ದಾಳೆ. ಇನ್ನೂ ಫೋನ್ ಮಾಡಿಲ್ಲ. ಸಂಜೆ ಮಾಡುತ್ತೇನೆ, ಸ್ವಲ್ಪ ಸಿಟ್ಟು ಇಳಿಯಲಿ.