ಜಕಣಾಚಾರಿಯ ಕಪ್ಪೆ, ದಾಸೋಜನ ಸಹಿ

ಎಲ್ಲರಿಗೂ ನಮಸ್ಕಾರ.

ಬೇಲೂರಿನ ಗುಡಿ ಕೆತ್ತಿದ್ದು ಯಾರು ಅಂತ ಕೇಳಿದರೆ ಈ ಸಭೆ ಒಂದೇ ಉಸಿರಿಗೆ ಜಕಣಾಚಾರಿ ಅನ್ನುತ್ತದೆ. ಕಥೆಯೂ ನಿಮಗೆ ಬಾಯಿಪಾಠ. ಬಸುರಿ ಹೆಂಡತಿಯನ್ನು ಕೈದಾಳದಲ್ಲಿ ಬಿಟ್ಟು ಹೊರಟ ಶಿಲ್ಪಿ. ಎಷ್ಟೋ ವರ್ಷಗಳ ಮೇಲೆ ಅಪ್ಪನನ್ನು ಹುಡುಕುತ್ತಾ ಬಂದ ಮಗ ಡಂಕಣ. ಈ ಮೂರ್ತಿಯಲ್ಲಿ ದೋಷ ಇದೆ ಅಂತಾನೆ ಹುಡುಗ. ತೋರಿಸಿದರೆ ಬಲಗೈ ಕಡಿದುಕೊಳ್ಳುತ್ತೇನೆ ಅಂತಾನೆ ಅಪ್ಪ. ಮೂರ್ತಿಗೆ ಗಂಧ ಬಳಿಯುತ್ತಾರೆ. ಮೈಯೆಲ್ಲ ಒಣಗುತ್ತದೆ, ಹೊಕ್ಕುಳ ಹತ್ತಿರ ಮಾತ್ರ ಹಸಿ. ಉಳಿ ತಾಗಿಸಿದರೆ ನೀರು, ಮರಳು, ಜೊತೆಗೊಂದು ಕಪ್ಪೆ!

ಚಿಕ್ಕವನಿದ್ದಾಗ ನನಗೆ ಆ ಕಪ್ಪೆಯದೇ ಚಿಂತೆ. ಅದು ಅಲ್ಲಿ ಏನು ತಿಂದುಕೊಂಡಿತ್ತು?

ಈಗ ಶಾಸನಗಳಿಗೆ ಬರೋಣ. ವಿಷ್ಣುವರ್ಧನ ಬೇಲೂರಿನ ದೇವರನ್ನು ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ಅಲ್ಲಿನ ಶಾಸನಗಳಲ್ಲಿ ಜಕಣಾಚಾರಿ ಎಂಬ ಹೆಸರಿಲ್ಲ. ಆ ಕಾಲದವರು ಹೆಸರು ಹಾಕಿಕೊಳ್ಳುತ್ತಿರಲಿಲ್ಲ ಬಿಡಿ ಅಂತ ಕೆಲವರು ಸಮಾಧಾನ ಹೇಳುತ್ತಾರೆ. ಹೊಯ್ಸಳರ ಶಿಲ್ಪಿಗಳ ವಿಷಯದಲ್ಲಿ ಆ ಮಾತು ನಡೆಯುವುದಿಲ್ಲ. ಅವರು ಹೆಸರು ಕೆತ್ತಿದ್ದಷ್ಟೇ ಅಲ್ಲ, ಊರು, ಅಪ್ಪನ ಹೆಸರು, ಬಿರುದು ಎಲ್ಲವನ್ನೂ ಸೇರಿಸಿದ್ದಾರೆ. ಮದನಿಕೆಯರು, ಅಂದರೆ ಗುಡಿಯ ಕಂಬಗಳ ಮೇಲಿನ ಸುಂದರಿಯರ ಶಿಲ್ಪಗಳು, ಅವುಗಳ ಪೀಠ ನೋಡಿ. ಬಳ್ಳಿಗಾವೆಯ ದಾಸೋಜ. ಅವನ ಮಗ ಚಾವಣ. ಗದಗಿನ ಕಡೆಯಿಂದ ಬಂದ ನಾಗೋಜ.

ಅಪ್ಪ, ಮಗ ಇಬ್ಬರೂ ನಿಜವಾಗಿ ಅಲ್ಲೇ ಇದ್ದಾರೆ, ಅಲ್ವಾ? ನಾವು ಅವರ ಕೆಲಸದ ಕೆಳಗೆ ಕತ್ತೆತ್ತಿ ನಿಂತು ಇನ್ನೊಂದು ಅಪ್ಪ ಮಗನ ಕಥೆ ಕೇಳಿ ವಾಪಸ್ ಬರುತ್ತೇವೆ. ನನಗೆ ಬೇಜಾರಾಗುವುದು ಇಲ್ಲಿ. ಕಥೆ ಸುಳ್ಳಾಗಿದ್ದರೆ ಇರಲಿ, ಸಹಿ ಹಾಕಿದವರನ್ನು ಮರೆಸಿಬಿಟ್ಟಿತಲ್ಲ.

ಹಾಗಂತ ಕಪ್ಪೆಯನ್ನು ಸುಮ್ನೆ ಎಸೆಯುವುದೂ ಬೇಡ. ಈ ಗುಡಿ ಕೆತ್ತಿದ ಬಳಪದ ಕಲ್ಲು ಭೂಮಿಯ ಆಳದಲ್ಲಿ, ಶಾಖ ಮತ್ತು ಒತ್ತಡದಲ್ಲಿ ಆಗುವಂಥದ್ದು. ಅದರೊಳಗೆ ಕಪ್ಪೆ ಬದುಕುವುದಿಲ್ಲ. ಆದರೆ ಹಳೆಯ ಶಿಲ್ಪಶಾಸ್ತ್ರಗಳಲ್ಲಿ ಕಲ್ಲಿಗೆ ಲೇಪ ಹಚ್ಚಿ ಒಳದೋಷ ಪತ್ತೆ ಮಾಡುವ ಕ್ರಮ ಇದೆ. ಇಂಥ ಬಣ್ಣ ಕಂಡರೆ ಒಳಗೆ ಕಪ್ಪೆ, ಇಂಥದ್ದಕ್ಕೆ ಹಾವು ಅಂತ ಲೆಕ್ಕವೂ ಇದೆ. ಅಂದರೆ ಡಂಕಣ ಮಾಡಿದ್ದು ಪವಾಡ ಅಲ್ಲ, ಕಸುಬಿನವರು ನಂಬಿದ್ದ ಪರೀಕ್ಷೆ. ಈ ಕಥೆ ಹೊರಟಿದ್ದು ಕಲ್ಲು ಬಲ್ಲವರ ಮನೆಯಿಂದಲೇ ಅಂತ ನನ್ನ ಗುಮಾನಿ.

ಇನ್ನು ಕೈದಾಳ. ಕಡಿದ ಕೈ ಅಲ್ಲಿ ಮರಳಿ ಬಂತು, ಅದಕ್ಕೇ ಆ ಹೆಸರು ಅನ್ನುತ್ತಾರೆ. ತುಮಕೂರಿನ ಹತ್ತಿರದ ಆ ಚೆನ್ನಕೇಶವ ಗುಡಿ ಕಟ್ಟಿಸಿದ್ದು ಹೊಯ್ಸಳ ನರಸಿಂಹನ ಸಾಮಂತ ಬಾಚಿ, 1150ರ ಸುಮಾರಿಗೆ. ಬಾಗಿಲ ಬಳಿ ಕೈ ಮುಗಿದು ನಿಂತ ಒಂದು ಪುಟ್ಟ ವಿಗ್ರಹ ಇದೆ. ಇವನೇ ಜಕಣಾಚಾರಿ ಅಂತ ತೋರಿಸುತ್ತಾರೆ. ಸೊಂಟದಲ್ಲಿ ಕಠಾರಿ ಇದೆ. ಉಳಿ ಹಿಡಿಯುವವನಿಗೆ ಕಠಾರಿ ಯಾಕೆ ಸ್ವಾಮಿ? ಅವನು ಬಾಚಿಯೇ ಇರಬೇಕು.

ಜಕಣಾಚಾರಿ ಹೆಸರಿನಲ್ಲಿ ಸರ್ಕಾರ ಪ್ರಶಸ್ತಿ ಕೊಡುತ್ತದೆ. ಕೊಡಲಿ, ನನ್ನ ತಕರಾರಿಲ್ಲ. ಅಂಥವನೊಬ್ಬ ಎಲ್ಲೋ ಇದ್ದಿರಲೂಬಹುದು. ನನ್ನದು ಒಂದೇ ಕೋರಿಕೆ. ಮುಂದಿನ ಸಲ ಹೊಯ್ಸಳ ಗುಡಿಗೆ ಹೋದಾಗ ಮೂರ್ತಿಯ ಮುಖ ನೋಡಿದ ಮೇಲೆ ಪಾದದ ಕೆಳಗೂ ಕಣ್ಣು ಹಾಯಿಸಿ. ನುಗ್ಗೇಹಳ್ಳಿಯಲ್ಲಿ, ಸೋಮನಾಥಪುರದಲ್ಲಿ ಮಲ್ಲಿತಮ್ಮ ಎಂಬ ಶಿಲ್ಪಿ ಸಿಗುತ್ತಾನೆ. ಕೆಲವು ಕಡೆ ಬರೀ ‘ಮಲ್ಲಿ’ ಅಂತ ಕೆತ್ತಿದ್ದಾನೆ. ಇನ್ನು ಕೆಲವು ಕಡೆ ‘ಮ’ ಅಷ್ಟೇ. ಅವನ ಕಾಲದಲ್ಲಿ ಆ ಒಂದು ಅಕ್ಷರ ಸಾಕಿತ್ತು ಅಂತ ಕಾಣುತ್ತದೆ.