ಬಿಸಿಲಕೋಲಿಗೆ ಒಂದು ಹಾಳೆ ಅಡ್ಡ ಹಿಡಿಯಿರಿ

ಕೇಳುಗರೆಲ್ಲರಿಗೂ ನಮಸ್ಕಾರ. ನಮ್ಮ ಕಲಬುರಗಿಯಲ್ಲಿ ಬಿಸಿಲಿಗೇನೂ ಬರವಿಲ್ಲ. ಆದರೆ ಅದನ್ನು ನಿಂತು ನೋಡುವವರು ಕಡಿಮೆ. ಇವತ್ತು ನಾನು ಹೇಳುವುದು ಒಂದೇ ಮಾತು. ಬೆಳಕಿನ ಒಳಗೆ ಏನಿದೆ ಅಂತ ತಿಳಿಯಬೇಕೇ? ಅದರ ದಾರಿಗೆ ಏನಾದರೂ ಅಡ್ಡ ಹಿಡಿಯಿರಿ.

ಕತ್ತಲ ಕೋಣೆಯಲ್ಲಿ ಬಿಸಿಲಕೋಲು ಕಾಣುತ್ತದಲ್ವಾ, ಅದು ದೂಳಿನಿಂದ. ಊದುಬತ್ತಿ ಹಚ್ಚಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಆದರೆ ಹೊಗೆ ತೋರಿಸುವುದು ಕೋಲಿನ ಹೊರಮೈ ಮಾತ್ರ. ಒಳಗು ನೋಡಲು ಬಿಳಿ ಹಾಳೆ ಬೇಕು. ಜೋಳದ ದಂಟನ್ನು ಅಡ್ಡ ಕೊಯ್ದು ಬೆಂಡು ನೋಡುತ್ತೇವಲ್ಲ, ಹಾಗೆ.

ಚಿಂಚೋಳಿ ಕಡೆ ಒಂದು ಮಾಳಿಗೆ ಮನೆಗೆ ಹೋಗಿದ್ದೆ. ಬೆಳಕಿಂಡಿಗೆ ತಗಡು ಮುಚ್ಚಿದ್ದರು. ತಗಡಿನಲ್ಲಿ ಮೂರು ಮೂಲೆಯ ಸಣ್ಣ ತೂತು. ಕೆಳಗೆ ಶಹಾಬಾದ್ ಕಲ್ಲಿನ ಮೇಲೆ ಬಿದ್ದ ಬಿಸಿಲಿಗೆ ಮಾತ್ರ ಮೂಲೆಯೇ ಇಲ್ಲ! ಒಂಬತ್ತನೇ ತರಗತಿಯ ಹುಡುಗಿ ಕೇಳಿದಳು: “ಸರ್, ತೂತಿಗಿ ಮೂಲಿ ಅದಾವ, ಬಿಸಿಲಿಗ್ಯಾಕ ಇಲ್ರಿ?”

ನಾನು ಉತ್ತರ ಹೇಳಲಿಲ್ಲ. ನೋಟ್‌ಬುಕ್ಕಿನ ಹಾಳೆ ಹರಿದು ಕೊಟ್ಟೆ. ಬಿಸಿಲಿಗೆ ನೇರ ಮುಖ ಮಾಡಿ ಹಿಡಿದಳು. ದುಂಡನೆಯ ಬಿಲ್ಲೆ ಬಿತ್ತು. ನಿಚ್ಚಣಿಕೆ ಏರುತ್ತಾ ಹೋದಂತೆ ಬಿಲ್ಲೆ ಚಿಕ್ಕದಾಯಿತು, ಅಂಚು ಸ್ಪಷ್ಟವಾಯಿತು. ತೂತಿಗೆ ನಾಲ್ಕು ಬೆರಳು ದೂರದಲ್ಲಿ ಮೂರೂ ಮೂಲೆ ಮೂಡಿದವು! ಇಳಿದಳು, ಮತ್ತೆ ದುಂಡು. ಹತ್ತಿದಳು, ಮತ್ತೆ ಮೂಲೆ. ಅವರಮ್ಮ ಊಟಕ್ಕೆ ಕರೆದರೂ ಬರಲಿಲ್ಲ. ಕೊನೆಗೆ ಅವಳೇ ಕೂಗಿದಳು: “ಇದು ಸೂರ್ಯಂದೇ ಚಿತ್ರ ಏನ್ರಿ?”

ಹೌದು, ಸೂರ್ಯನದೇ! ತೂತಿನ ಹತ್ತಿರ ಬೀಳುವುದು ತೂತಿನ ಆಕಾರ, ದೂರ ಹೋದಂತೆ ಸೂರ್ಯನ ಆಕಾರ. ತೂತಿನಿಂದ ಹಾಳೆ ಎಷ್ಟು ದೂರವೋ ಅದರ ಸುಮಾರು 109ರಲ್ಲಿ ಒಂದು ಪಾಲು ಬಿಲ್ಲೆಯ ಅಗಲ. ಮೂರೂಕಾಲು ಮೀಟರ್ ದೂರಕ್ಕೆ 3 ಸೆಂಟಿಮೀಟರ್. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಇಂಥ ಬಿಲ್ಲೆಗಳೇ ಕುಡುಗೋಲಿನ ಆಕಾರಕ್ಕೆ ಬಂದಿದ್ದವು. ಮರದ ನೆರಳಲ್ಲೂ ನೋಡಬಹುದಿತ್ತು, ಅಲ್ಲಿ ಎಲೆಗಳ ಸಂದೇ ತೂತು. ಲ್ಯಾಬ್ ಇಲ್ಲ ಅನ್ನುವ ಮಾತನ್ನು ಮೇಷ್ಟ್ರುಗಳು ದಯವಿಟ್ಟು ಬಿಡಬೇಕು. ಹಾಳೆ ಇದೆ, ಬಿಸಿಲಿದೆ. ಅಡ್ಡ ಹಿಡಿಯಿರಿ ಅಷ್ಟೇ.

ಸಮಯ ಆಗ್ತಾ ಬಂತು, ಇನ್ನೊಂದನ್ನು ಬೇಗ ಹೇಳಿಬಿಡುತ್ತೇನೆ. ಕೆಂಪು ಲೇಸರ್ ಟಾರ್ಚಿನ ಬಾಯಿಗೆ ತಲೆಗೂದಲು ಒಂದನ್ನು ನೆಟ್ಟಗೆ ಅಂಟಿಸಿ, 3 ಮೀಟರ್ ದೂರದ ಗೋಡೆಗೆ ಬಿಡಿ. ಎಡಕ್ಕೂ ಬಲಕ್ಕೂ ಚುಕ್ಕಿಗಳ ಸಾಲು, ಎರಡು-ಮೂರು ಸೆಂಟಿಮೀಟರಿಗೊಂದು. ಬೆಳಕು ಅಲೆ, ಕೂದಲಿನ ಎರಡೂ ಬದಿಯಿಂದ ಬಳಸಿ ಬಂದು ಕೂಡುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಥಾಮಸ್ ಯಂಗ್ 1803ರಲ್ಲಿ ಬಿಸಿಲಕೋಲಿಗೆ ತೆಳು ಕಾರ್ಡಿನ ಅಂಚನ್ನು ಅಡ್ಡ ಹಿಡಿದು ತೋರಿಸಿದ್ದು ಇದನ್ನೇ. ಕೂದಲಿನ ಬದಲು ದಪ್ಪ ದಾರ ಇಟ್ಟು ನೋಡಿ, ಚುಕ್ಕಿಗಳು ಒತ್ತೊತ್ತಾಗುತ್ತವೆ. ಲೇಸರನ್ನು ಮಾತ್ರ ಯಾರ ಕಣ್ಣಿಗೂ ಬಿಡಬೇಡಿ, ಕನ್ನಡಿಗೂ ಬಿಡಬೇಡಿ. ನಮಸ್ಕಾರ.