ನೈಟಿ ಯಾಕೆ ನೆಲಕ್ಕೆ ತಾಗುತ್ತಿದೆ?

ನಮಸ್ಕಾರ. ಬೆಳಗಿನ ಕಾಫಿ ಆಯ್ತಾ? ಆ ಕಾಫಿ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಒಂದು ನೈಟಿಯ ಕಥೆ.

ನಮ್ಮಮ್ಮ ಗಾಂಧಿಬಜಾರಿನ ಹತ್ತಿರ ಒಬ್ಬ ಟೈಲರ್ ಬಳಿ ಎಷ್ಟೋ ವರ್ಷದಿಂದ ಒಂದೇ ಅಳತೆಯ ನೈಟಿ ಹೊಲಿಸುತ್ತಾರೆ. ಹೋದ ವರ್ಷ ಹೊಲಿಸಿದ್ದು ನೆಲಕ್ಕೆ ತಾಗುತ್ತಿತ್ತು. "ಅವನಿಗೆ ವಯಸ್ಸಾಯ್ತು ಕಣೋ, ಕಣ್ಣು ಕಾಣಲ್ಲ" ಎಂದು ಗೊಣಗಿ, ತಾವೇ ಎರಡು ಇಂಚು ಮಡಚಿ ಹೊಲಿದುಕೊಂಡರು. ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿದ್ದ ಮೆಂತ್ಯದ ಡಬ್ಬ ಕೈಗೆ ಸಿಗುತ್ತಿಲ್ಲ ಎಂದು ಒಂದು ಸ್ಟೂಲ್ ಬೇರೆ ಬಂತು. ಎರಡನ್ನೂ ನಾನು ನೋಡಿದೆ, ನಕ್ಕು ಸುಮ್ಮನಾದೆ. ನಾಚಿಕೆಯ ವಿಷಯ ಏನಂದ್ರೆ, ನಾನು ಮೂಳೆ ಡಾಕ್ಟರು.

ಟೈಲರ್ ಅಳತೆ ಸರಿಯಾಗಿಯೇ ಇತ್ತು. ಅಮ್ಮ ಕುಳ್ಳಗಾಗಿದ್ದರು. ವಯಸ್ಸಾದರೂ ಕಾಲು ಮೋಟಾಗುವುದಿಲ್ಲ, ಕುಸಿಯುವುದು ಬೆನ್ನುಮೂಳೆ. ಅದಕ್ಕೇ ಸೊಂಟಕ್ಕೆ ಕಟ್ಟುವ ಸೀರೆಯಲ್ಲಿ ಏನೂ ಗೊತ್ತಾಗಿರಲಿಲ್ಲ, ಭುಜದಿಂದ ಇಳಿಬೀಳುವ ನೈಟಿಯಲ್ಲಿ ಗುಟ್ಟು ರಟ್ಟಾಯಿತು. ಆಮೇಲೆ ಒಂದು ದಿನ ಬಚ್ಚಲಲ್ಲಿ ಜಾರಿ ಕೈ ಊರಿದರು, ಮಣಿಕಟ್ಟು ಮುರಿಯಿತು. ಆಗ ಬೆನ್ನಿನ ಎಕ್ಸ್‌ರೇಯನ್ನೂ ತೆಗೆಸಿದೆ. ಎರಡು ಮೂಳೆ, ಕಾಲಲ್ಲಿ ತುಳಿದ ಬೆಂಕಿಪೊಟ್ಟಣದ ಹಾಗೆ ಚಪ್ಪಟೆಯಾಗಿದ್ದವು. ಅದು ಯಾವಾಗ ಆಯಿತೋ ಅವರಿಗೂ ಗೊತ್ತಿಲ್ಲ. ನೀರಿನ ಕ್ಯಾನ್ ಎತ್ತಿದ ದಿನ ಒಂದು ಸಲ "ಬೆನ್ನು ಹಿಡ್ಕೊಂಡಿದೆ" ಅಂದಿದ್ದರು, ಮುಲಾಮು ಹಚ್ಚಿ ಮಲಗಿದ್ದರು, ಅಷ್ಟೇ.

ಇಲ್ಲಿ ನಮ್ಮ ಮಾತೇ ನಮಗೆ ಮೋಸ ಮಾಡುತ್ತದೆ. 'ಮೂಳೆ ಸವೆದಿದೆ' ಎಂದು ನಾವು ಹೇಳುವುದು ಸಾಮಾನ್ಯವಾಗಿ ಮಂಡಿ ನೋವಿಗೆ. ಅದು ಕೀಲಿನ ಸಮಸ್ಯೆ, ನೋಯುತ್ತದೆ. ಆಸ್ಟಿಯೋಪೊರೋಸಿಸ್ ಅಂದ್ರೆ ಮೂಳೆ ಒಳಗೊಳಗೇ ಟೊಳ್ಳಾಗುವುದು. ಮುರಿಯುವ ತನಕ ನೋವೇ ಇಲ್ಲ. ಮುಟ್ಟು ನಿಂತ ಮೊದಲ ಕೆಲವು ವರ್ಷ ಈ ನಷ್ಟ ಜಾಸ್ತಿ. ಗಂಡಸರೇ, ನೀವೂ ಹೊರತಲ್ಲ. ಆಸ್ತಮಾಕ್ಕೋ ಕೀಲುವಾತಕ್ಕೋ ಮೂರು ತಿಂಗಳಿಗಿಂತ ಹೆಚ್ಚು ಸ್ಟೀರಾಯ್ಡ್ ಮಾತ್ರೆ ನುಂಗಿದವರು, ಸಿಗರೇಟು ಬಿಡದವರು, ಮುಟ್ಟು ನಿಲ್ಲುವ ಮೊದಲೇ ಅಂಡಾಶಯ ತೆಗೆಸಿಕೊಂಡವರು, ತಂದೆಗೋ ತಾಯಿಗೋ ಸೊಂಟ ಮುರಿದಿದ್ದವರು ಸ್ವಲ್ಪ ಬೇಗನೆ ಎಚ್ಚರವಾಗಬೇಕು.

ಪತ್ತೆ ಹೇಗೆ? ಭಾನುವಾರ ಪಾರ್ಕಿನಲ್ಲಿ ಶಾಮಿಯಾನ ಹಾಕಿ, ಹಿಮ್ಮಡಿಯನ್ನು ಒಂದು ಪುಟ್ಟ ಮಷೀನಿಗೆ ಇಡಿಸಿ, ಕೈಗೊಂದು ಪುಡಿ ಡಬ್ಬ ಮಾರುತ್ತಾರಲ್ವಾ, ಅದನ್ನು ನಂಬಿ ಔಷಧಿ ಶುರು ಮಾಡಬೇಡಿ. ಸರಿಯಾದ ಪರೀಕ್ಷೆ ಡೆಕ್ಸಾ ಸ್ಕ್ಯಾನ್. ಮಲಗಿಸಿ ಸೊಂಟ ಮತ್ತು ಬೆನ್ನಿನ ಮೂಳೆಯ ಸಾಂದ್ರತೆ ಅಳೆಯುತ್ತಾರೆ. ನೋವಿಲ್ಲ, ವಿಕಿರಣವೂ ತೀರಾ ಕಡಿಮೆ. ರಿಪೋರ್ಟಿನಲ್ಲಿ ಟಿ-ಸ್ಕೋರ್ ಅಂತ ಇರುತ್ತದೆ, ಅದು ನಿಮ್ಮ ಮೂಳೆಯನ್ನು ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದ ಲೆಕ್ಕ. ಮೈನಸ್ 1ರವರೆಗೆ ಪರವಾಗಿಲ್ಲ. ಅಲ್ಲಿಂದ ಮೈನಸ್ 2.5ರ ತನಕ ನಷ್ಟ ಶುರುವಾಗಿದೆ ಎಂದರ್ಥ. ಮೈನಸ್ 2.5 ಮುಟ್ಟಿದರೆ, ಅಥವಾ ಅದಕ್ಕೂ ಕೆಳಗಿಳಿದರೆ, ಆಸ್ಟಿಯೋಪೊರೋಸಿಸ್. ಅಮ್ಮನದು ಸೊಂಟದಲ್ಲಿ ಮೈನಸ್ 3.1, ಬೆನ್ನಿನಲ್ಲಿ ಅಷ್ಟು ಕೆಟ್ಟದಾಗಿರಲಿಲ್ಲ. ಅದನ್ನು ನೋಡಿ ಖುಷಿಪಡುವ ಹಾಗಿಲ್ಲ. ಜಜ್ಜಿದ ಮೂಳೆ, ವಯಸ್ಸಿಗೆ ಬೆಳೆದ ಮೂಳೆಯ ಮುಳ್ಳು ಎಲ್ಲ ಸೇರಿ ಬೆನ್ನಿನ ನಂಬರನ್ನು ಸುಮ್ನೆ ಏರಿಸಿಬಿಡುತ್ತವೆ.

"ರಾಗಿಮುದ್ದೆ ತಿಂದರೆ ಸಾಲದಾ?" ಎಂದು ಎಲ್ಲರೂ ಕೇಳುತ್ತಾರೆ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, ಖಂಡಿತ ತಿನ್ನಿ, ಮೊಸರನ್ನೂ ಬಿಡಬೇಡಿ. ದಿನಕ್ಕೆ ಬೇಕಾದದ್ದು 1000 ಮಿಲಿಗ್ರಾಂ, ಮುಟ್ಟು ನಿಂತವರಿಗೆ 1200. ಆದರೆ ಮೂಳೆ ಆಗಲೇ ಮುರಿದಿದ್ದರೆ ಮುದ್ದೆಯೊಂದರಿಂದ ಆಗದು, ಔಷಧಿ ಬೇಕು. ಇನ್ನು 60,000 ಯೂನಿಟ್ಟಿನ ವಿಟಮಿನ್ ಡಿ ಪುಡಿಯನ್ನು ಯಾರೋ ಹೇಳಿದರು ಅಂತ ವರ್ಷಗಟ್ಟಲೆ ನುಂಗುವವರಿದ್ದಾರೆ. ಜಾಸ್ತಿಯಾದರೆ ಅದೇ ವಿಷ, ರಕ್ತ ಪರೀಕ್ಷೆ ಮಾಡಿಸಿ ತಗೊಳ್ಳಿ.

ಔಷಧಿಯಲ್ಲಿ ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಜೊಲೆಡ್ರೋನಿಕ್ ಆಸಿಡ್ ಇದೆ. ಆರು ತಿಂಗಳಿಗೊಮ್ಮೆಯ ಡೆನೊಸುಮ್ಯಾಬ್ ಇದೆ, ಅದನ್ನು ಮಾತ್ರ ಡಾಕ್ಟರಿಗೆ ಹೇಳದೆ ಬಿಡಲೇಬೇಡಿ, ಬಿಟ್ಟರೆ ಬೆನ್ನುಮೂಳೆ ಒಂದರ ಹಿಂದೊಂದು ಮುರಿಯಬಹುದು. ಹೊಸ ಮೂಳೆ ಕಟ್ಟುವ ಟೆರಿಪ್ಯಾರಟೈಡ್ ಇಂಜೆಕ್ಷನ್ ದಿನವೂ ಚುಚ್ಚಿಕೊಳ್ಳುವಂಥದ್ದು, ಬೆಲೆಯೂ ಜಾಸ್ತಿ. ಹಲ್ಲು ಕೀಳಿಸುವುದಿದ್ದರೆ ಡೆಂಟಿಸ್ಟಿಗೆ ನಿಮ್ಮ ಔಷಧಿಯ ಹೆಸರು ಹೇಳಿ.

ಅಮ್ಮನಿಗೆ ಕೊಟ್ಟಿದ್ದು ವಾರಕ್ಕೊಂದು ಅಲೆಂಡ್ರೊನೇಟ್, 70 ಮಿಲಿಗ್ರಾಂ. ಕಿಡ್ನಿ ತೊಂದರೆಯೋ ಅನ್ನನಾಳದ ತೊಂದರೆಯೋ ಇದ್ದವರಿಗೆ ಇದು ಆಗಿಬರುವುದಿಲ್ಲ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ಬರೀ ನೀರಿನಲ್ಲಿ ನುಂಗಬೇಕು, ಆಮೇಲೆ ಅರ್ಧ ಗಂಟೆ ಮಲಗುವ ಹಾಗಿಲ್ಲ, ಏನೂ ತಿನ್ನುವ ಹಾಗಿಲ್ಲ, ಕಾಫಿಯಂತೂ ಇಲ್ಲವೇ ಇಲ್ಲ. ಕಾಫಿ ಜೊತೆ ತಗೊಂಡರೆ ಮಾತ್ರೆ ಮೈಗೆ ಹತ್ತುವುದಿಲ್ಲ. ಮೊದಲ ತಿಂಗಳು ಅಮ್ಮ ಹಾಗೇ ಮಾಡಿದ್ದರಂತೆ, ಆಮೇಲೆ ಗೊತ್ತಾಯಿತು. ಈಗ ಪ್ರತಿ ಭಾನುವಾರ ಮಾತ್ರೆ ನುಂಗಿ, ಬೆತ್ತದ ಕುರ್ಚಿಯಲ್ಲಿ ನೆಟ್ಟಗೆ ಕೂತು ರೇಡಿಯೋ ಹಾಕುತ್ತಾರೆ.

ಇವತ್ತೂ ಭಾನುವಾರವೇ. ಅಮ್ಮ, ಇನ್ನೂ ಹತ್ತು ನಿಮಿಷ ಇದೆ, ಡಿಕಾಕ್ಷನ್ ಮುಟ್ಟಬೇಡ.